ಸೆಡೋನಾದ ಜಮಾ-ಖರ್ಚು: ಪ್ರವಾಸಿಗರನ್ನೇ ನಂಬಿದ ಊರೊಂದರ ಲೆಕ್ಕಾಚಾರ

ಗಿರಾಕಿಗಳು ಹೆಚ್ಚಿದಷ್ಟೂ ವ್ಯಾಪಾರಕ್ಕೆ ಒಳಿತು ಎಂಬುದು ವಾಣಿಜ್ಯ ಜಗತ್ತಿನ ಸಾಮಾನ್ಯ ನಂಬಿಕೆ. ಬೇಡಿಕೆ ಏರಿದಾಗ ಉತ್ಪಾದನೆಯನ್ನು ಹೆಚ್ಚಿಸಬಹುದಾದ ಉದ್ಯಮಗಳ ಮಟ್ಟಿಗೆ ಇದು ಸರಿ. ಆದರೆ ಮಾರಾಟಕ್ಕಿರುವ ಸರಕು ಬೆಟ್ಟದ ನೋಟ ಮತ್ತು ಕಣಿವೆಯ ಮೌನವಾಗಿದ್ದರೆ, ಅದನ್ನು ಎರಡನೆಯ ಪಾಳಿಯಲ್ಲಿ ತಯಾರಿಸಲು ಬರುವುದಿಲ್ಲ. ಅಂತಹ ಊರಿನಲ್ಲಿ ಗಿರಾಕಿಗಳ ಹೆಚ್ಚಳವು ಒಂದು ಹಂತದವರೆಗೆ ಲಾಭವಾಗಿದ್ದು, ಅನಂತರ ಹೊರೆಯಾಗತೊಡಗುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಸೆಡೋನಾ ನಗರ ಇದಕ್ಕೆ ಸ್ಪಷ್ಟ ನಿದರ್ಶನ. ಅಲ್ಲಿನ ವಾಣಿಜ್ಯ ಮಂಡಳಿಯೂ ಈ ಪ್ರಕರಣದ ಪಾತ್ರಧಾರಿಯಾಗಿರುವುದರಿಂದ ವಾಣಿಜ್ಯ ಸಂಸ್ಥೆಗಳು ಇದನ್ನು ಗಮನಿಸುವುದು ಯುಕ್ತ.

ಊರಿನ ಪರಿಚಯ

ಸೆಡೋನಾ ಇರುವುದು ಫೀನಿಕ್ಸ್ ಮಹಾನಗರದಿಂದ ಉತ್ತರಕ್ಕೆ ಸುಮಾರು 185 ಕಿ.ಮೀ. ದೂರದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದ ಒಣ ಪ್ರದೇಶದಲ್ಲಿ. ಕಬ್ಬಿಣದ ಅಂಶದಿಂದ ಕೆಂಪೇರಿದ ಮರಳುಗಲ್ಲಿನ ಬೃಹತ್ ಬಂಡೆಗಳು ಊರನ್ನು ಸುತ್ತುವರಿದಿವೆ. ಕೆಥೆಡ್ರಲ್ ರಾಕ್, ಬೆಲ್ ರಾಕ್, ಡೆವಿಲ್ಸ್ ಬ್ರಿಡ್ಜ್ ಮುಂತಾದ ತಾಣಗಳಿಗೆ ಹೋಗುವ ಚಾರಣದ ಹಾದಿಗಳೇ ಇಲ್ಲಿನ ಮುಖ್ಯ ಆಕರ್ಷಣೆ. 1902ರಲ್ಲಿ ಅಂಚೆ ಕಚೇರಿ ತೆರೆದಾಗ ಮೊದಲ ಅಂಚೆ ಅಧಿಕಾರಿಯ ಪತ್ನಿಯ ಹೆಸರನ್ನು ಊರಿಗೆ ಇಡಲಾಯಿತು. ಅದಕ್ಕೆ ನಗರಾಡಳಿತ ದೊರೆತದ್ದು 1988ರಲ್ಲಿ.

2010ರ ಜನಗಣತಿಯಲ್ಲಿ 10,031 ಇದ್ದ ಜನಸಂಖ್ಯೆ 2020ರಲ್ಲಿ 9,684ಕ್ಕೆ ಇಳಿಯಿತು. ವರ್ಷಕ್ಕೆ ಬರುವ ಪ್ರವಾಸಿಗರ ಸಂಖ್ಯೆಯನ್ನು ಮಾತ್ರ ಸುಮಾರು 30 ಲಕ್ಷವೆಂದು ಅಂದಾಜಿಸಲಾಗಿದೆ. ಎಂದರೆ ಒಬ್ಬ ನಿವಾಸಿಗೆ ಸರಿಸುಮಾರು 300 ಅತಿಥಿಗಳು. ಊರಿನೊಳಗೆ ಬರುವ ಪ್ರಮುಖ ರಸ್ತೆಗಳು ಎರಡೇ: 89ಎ ಮತ್ತು 179ನೆಯ ಸಂಖ್ಯೆಯ ರಾಜ್ಯ ಹೆದ್ದಾರಿಗಳು. ಅವೆರಡೂ ಊರ ನಡುವೆ ಕೂಡುತ್ತವೆ. ನಗರ ಮಿತಿಯೊಳಗಿನ ಸುಮಾರು ಅರ್ಧ ಭೂಮಿ ಕೊಕೊನಿನೊ ರಾಷ್ಟ್ರೀಯ ಅರಣ್ಯಕ್ಕೆ ಸೇರಿದ್ದು. ಆದ್ದರಿಂದ ಹೊಸ ರಸ್ತೆಗಾಗಲಿ, ಹೊಸ ಬಡಾವಣೆಗಾಗಲಿ ಅವಕಾಶ ಅತ್ಯಲ್ಪ.

ವರಮಾನದ ಮೂಲ

ಸೆಡೋನಾ ನಗರಾಡಳಿತ ಆಸ್ತಿ ತೆರಿಗೆಯನ್ನು ವಿಧಿಸುವುದಿಲ್ಲ. ಕೌಂಟಿ ಮತ್ತು ಶಾಲಾ ಆಡಳಿತಗಳು ವಿಧಿಸುವ ಆಸ್ತಿ ತೆರಿಗೆ ಪ್ರತ್ಯೇಕ. ನಗರದ ಬೊಕ್ಕಸಕ್ಕೆ ಆಧಾರ ಮಾರಾಟ ತೆರಿಗೆ ಮತ್ತು ವಸತಿಗೃಹಗಳ ಕೋಣೆ ಬಾಡಿಗೆಯ ಮೇಲಿನ ತೆರಿಗೆ. ಕೋಣೆ ತೆರಿಗೆಯನ್ನು 2014ರಲ್ಲಿ ಶೇ. 3ರಿಂದ ಶೇ. 3.5ಕ್ಕೆ ಏರಿಸಲಾಯಿತು. 2018ರಲ್ಲಿ ಮಾರಾಟ ತೆರಿಗೆಯನ್ನೂ ಶೇ. 3.5ಕ್ಕೆ ಏರಿಸಿ, ಹೆಚ್ಚುವರಿ ಮೊತ್ತವನ್ನು ಸಂಚಾರ ಸುಧಾರಣೆಗೆ ಮೀಸಲಿಡಲಾಯಿತು. ಈ ತೆರಿಗೆಗಳ ಬಹುಪಾಲನ್ನು ತೆರುವವರು ಹೊರಗಿನಿಂದ ಬಂದವರು. ವಾಹನಗಳ ಸಾಲನ್ನು ಕಂಡು ಬೇಸರಪಡುವ ನಿವಾಸಿಯ ರಸ್ತೆ, ಪೊಲೀಸು, ಉದ್ಯಾನಗಳ ವೆಚ್ಚವನ್ನು ಬಹುಮಟ್ಟಿಗೆ ಭರಿಸುತ್ತಿರುವವರು ಆ ವಾಹನಗಳಲ್ಲಿ ಕುಳಿತವರೇ.

ಆದರೆ ಎಲ್ಲ ಪ್ರವಾಸಿಗರೂ ಒಂದೇ ಪ್ರಮಾಣದಲ್ಲಿ ತೆರಿಗೆ ತೆರುವುದಿಲ್ಲ. ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಮೇಲಿನ ದರಗಳಲ್ಲಿ, 200 ಡಾಲರ್ ಬಾಡಿಗೆಯ ಕೋಣೆಯಲ್ಲಿ ಒಂದು ರಾತ್ರಿ ತಂಗಿದವರಿಂದ ಎರಡೂ ತೆರಿಗೆಗಳು ಸೇರಿ ನಗರಕ್ಕೆ 14 ಡಾಲರ್ ಸಲ್ಲುತ್ತದೆ. ಊಟ ಮತ್ತು ಖರೀದಿಯ ಮೇಲಿನ ತೆರಿಗೆ ಬೇರೆ. ಬುತ್ತಿ, ನೀರು ಕಟ್ಟಿಕೊಂಡು ಮುಂಜಾನೆ ಬಂದು, ಬೆಟ್ಟ ಹತ್ತಿ ಇಳಿದು ಸಂಜೆ ಮರಳುವವರಿಂದ ನಗರಕ್ಕೆ ಬರುವುದು ಬಹುತೇಕ ಶೂನ್ಯ. ಅರಣ್ಯದ ವಾಹನ ನಿಲುಗಡೆಗಾಗಿ ಅವರು ತೆರುವ ದಿನದ 5 ಡಾಲರ್ ಶುಲ್ಕ ಸೇರುವುದು ಕೇಂದ್ರ ಅರಣ್ಯ ಸೇವೆಗೆ. ಇಬ್ಬರೂ ಬಳಸುವ ರಸ್ತೆ ಒಂದೇ, ಸವೆಸುವ ಹಾದಿ ಒಂದೇ. ತಲೆ ಎಣಿಕೆಯನ್ನೇ ಯಶಸ್ಸಿನ ಅಳತೆಗೋಲಾಗಿಸಿಕೊಂಡರೆ ಈ ವ್ಯತ್ಯಾಸ ಮರೆಯಾಗುತ್ತದೆ.

ವಸತಿಯ ಮುಗ್ಗಟ್ಟು

ರಸ್ತೆಯ ದಟ್ಟಣೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನೆಗಳ ಮೇಲಿನ ಒತ್ತಡ ಅಷ್ಟು ಸುಲಭವಾಗಿ ಕಾಣುವುದಿಲ್ಲ. ವಾಸದ ಮನೆಗಳನ್ನು 30 ದಿನಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದನ್ನು ಸೆಡೋನಾ ಹಿಂದೆ ನಿಷೇಧಿಸಿತ್ತು. 2016ರಲ್ಲಿ ಅರಿಜೋನಾ ಶಾಸನಸಭೆ ಅಂಗೀಕರಿಸಿದ ಕಾಯಿದೆಯು ಇಂತಹ ನಿಷೇಧ ಹೇರುವ ಅಧಿಕಾರವನ್ನು ನಗರಗಳಿಂದ ಕಿತ್ತುಕೊಂಡಿತು. ಅದು 2017ರ ಆರಂಭದಿಂದ ಜಾರಿಗೆ ಬಂದಿತು. ಅನಂತರದ ವರ್ಷಗಳಲ್ಲಿ ಸೆಡೋನಾದ ಒಂದು ಸಾವಿರಕ್ಕೂ ಹೆಚ್ಚು ಮನೆಗಳು, ಅಂದರೆ ಸರಿಸುಮಾರು ಆರರಲ್ಲಿ ಒಂದು ಮನೆ, ಪ್ರವಾಸಿಗರ ಅಲ್ಪಾವಧಿ ಬಾಡಿಗೆಯ ತಾಣವಾದವು. ಪರವಾನಗಿಯನ್ನು ಕಡ್ಡಾಯಗೊಳಿಸಿ ದಂಡ ವಿಧಿಸುವ ಅಧಿಕಾರ 2022ರ ಕಾಯಿದೆಯಿಂದ ನಗರಗಳಿಗೆ ದೊರೆಯಿತಾದರೂ ಸಂಖ್ಯೆಗೆ ಮಿತಿ ಹಾಕುವ ಅಧಿಕಾರ ದೊರೆಯಲಿಲ್ಲ.

ಮನೆಯ ಮಾಲೀಕನ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಹೆಚ್ಚು ಪ್ರತಿಫಲವಿರುವೆಡೆಗೆ ಬಂಡವಾಳ ಹರಿಯುವುದು ಸಹಜ. ಆದರೆ ಹೋಟೆಲಿನಲ್ಲಿ ಹಾಸಿಗೆ ಹಾಸುವವರು, ಅಡುಗೆ ಮಾಡುವವರು, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಕೂರುವವರು, ಶಾಲೆಯ ಶಿಕ್ಷಕರು ಊರಿನಲ್ಲಿ ಬಾಡಿಗೆ ಮನೆ ಸಿಗದೆ ಸುಮಾರು 30 ಕಿ.ಮೀ. ದೂರದ ಕಾಟನ್‌ವುಡ್ ಮುಂತಾದ ಊರುಗಳಿಂದ ಬರಬೇಕಾಯಿತು. ಅವರ ವಾಹನಗಳೂ ಅದೇ ರಸ್ತೆಯ ದಟ್ಟಣೆಗೆ ಸೇರಿದವು. ಕೆಲವರು ತಮ್ಮ ವಾಹನಗಳಲ್ಲೇ ರಾತ್ರಿ ಕಳೆಯತೊಡಗಿದರು.

ದುಡಿಯುತ್ತಲೇ ಸೂರಿಲ್ಲದ ಇಂತಹವರ 40 ವಾಹನಗಳಿಗೆ ನಗರದ ಜಾಗವೊಂದರಲ್ಲಿ ತಾತ್ಕಾಲಿಕವಾಗಿ ಸುರಕ್ಷಿತ ನಿಲುಗಡೆ ಒದಗಿಸುವ ಯೋಜನೆಗೆ ನಗರಸಭೆ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿತು. ವಿರೋಧ ವ್ಯಕ್ತವಾಗಿ ವಿಷಯ ಜನಮತಗಣನೆಗೆ ಹೋಯಿತು. 2024ರ ನವೆಂಬರ್‌ನಲ್ಲಿ ಮತದಾರರು ಯೋಜನೆಯನ್ನು ತಿರಸ್ಕರಿಸಿದರು. ಮತ ಚಲಾಯಿಸಿದವರು ಊರಿನ ನಿವಾಸಿಗಳು. ದೂರದಿಂದ ಬಂದು ದುಡಿಯುವವರಿಗೆ ಅಲ್ಲಿ ಮತವಿರಲಿಲ್ಲ. ಪ್ರವಾಸೋದ್ಯಮದ ಆದಾಯ ನಗರದ ಖಾತೆಗೆ ಜಮೆಯಾದರೂ ಅದರ ವೆಚ್ಚದ ಒಂದು ಭಾಗ ಯಾವ ಲೆಕ್ಕದಲ್ಲೂ ನಮೂದಾಗದೆ ಕಡಿಮೆ ಸಂಬಳದವರ ಮೇಲೆ ಬೀಳುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ವಾಣಿಜ್ಯ ಮಂಡಳಿಯ ಪಾತ್ರ

2014ರಲ್ಲಿ ಕೋಣೆ ತೆರಿಗೆ ಏರಿದಾಗ, ಅದರ ಉತ್ಪನ್ನದ ಶೇ. 55ರಷ್ಟನ್ನು ಪ್ರವಾಸ ಪ್ರಚಾರಕ್ಕಾಗಿ ಅಲ್ಲಿನ ವಾಣಿಜ್ಯ ಮಂಡಳಿಗೆ ನೀಡುವ ಏರ್ಪಾಡಾಯಿತು. ಇದರ ಪರಿಣಾಮ ಗಮನಾರ್ಹ. ಪ್ರವಾಸಿಗರು ಹೆಚ್ಚಿದಂತೆ ತೆರಿಗೆ ಹೆಚ್ಚಿತು; ತೆರಿಗೆ ಹೆಚ್ಚಿದಂತೆ ಪ್ರಚಾರದ ನಿಧಿ ಹೆಚ್ಚಿತು; ಪ್ರಚಾರ ಮತ್ತಷ್ಟು ಪ್ರವಾಸಿಗರನ್ನು ಕರೆತಂದಿತು. ಊರು ತುಂಬಿದಾಗ ತಾನಾಗಿ ನಿಲ್ಲುವ ತಡೆ ಈ ಸೂತ್ರದಲ್ಲಿರಲಿಲ್ಲ. ನಿವಾಸಿಗಳ ಅಸಮಾಧಾನ ಬೆಳೆದಂತೆ ಮಂಡಳಿ ಮತ್ತು ನಗರಸಭೆ ಸೇರಿ 2019ರಲ್ಲಿ ಸುಸ್ಥಿರ ಪ್ರವಾಸೋದ್ಯಮ ಯೋಜನೆಯೊಂದನ್ನು ರೂಪಿಸಿದವು. ಆದರೂ ಭಿನ್ನಾಭಿಪ್ರಾಯ ಶಮನವಾಗಲಿಲ್ಲ. 2023ರಲ್ಲಿ ಮಂಡಳಿಯೇ ಒಪ್ಪಂದದಿಂದ ಹಿಂದೆ ಸರಿಯಿತು. ನಗರಾಡಳಿತ ಆ ಹೊಣೆಯನ್ನು ತಾನೇ ವಹಿಸಿಕೊಂಡಿತು.

ಪರಿಹಾರದ ಪ್ರಯತ್ನಗಳು

2022ರ ಮಾರ್ಚ್‌ನಲ್ಲಿ ನಗರವು ಚಾರಣದ ಹಾದಿಗಳಿಗೆ ಉಚಿತ ಬಸ್ ಸೇವೆ ಆರಂಭಿಸಿತು. ಬಸ್ ಓಡುವ ದಿನಗಳಲ್ಲಿ ಕೆಥೆಡ್ರಲ್ ರಾಕ್, ಸೋಲ್ಜರ್ ಪಾಸ್ ಹಾದಿಗಳ ಬಳಿಯ ನಿಲುಗಡೆ ತಾಣಗಳನ್ನು ಮುಚ್ಚುವ ವ್ಯವಸ್ಥೆಯೂ ಆಯಿತು. ಬಡಾವಣೆಗಳ ರಸ್ತೆಬದಿಯಲ್ಲಿ ವಾಹನ ನಿಲ್ಲಿಸುವ ಕಿರುಕುಳಕ್ಕೆ ಇದು ಸರಿಯಾದ ಮದ್ದು. ಆದರೆ ಬಸ್ಸು ವಾಹನಗಳನ್ನು ಕಡಿಮೆ ಮಾಡುತ್ತದೆಯೇ ಹೊರತು ಬೆಟ್ಟ ಹತ್ತುವವರನ್ನಲ್ಲ.

ಯೂಟಾ ರಾಜ್ಯದ ಮೋಆಬ್ ಪಟ್ಟಣದ ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನ ಬೇರೆ ದಾರಿ ಹಿಡಿಯಿತು. 2021ರಲ್ಲಿ ಅಲ್ಲಿಗೆ 18 ಲಕ್ಷ ಭೇಟಿಗಳು ದಾಖಲಾಗಿ, ದಟ್ಟಣೆಯಿಂದ ಪ್ರವೇಶದ್ವಾರವನ್ನು ಪದೇ ಪದೇ ಮುಚ್ಚಬೇಕಾಗಿತ್ತು. 2022ರಿಂದ 2025ರವರೆಗೆ ಜನಸಂದಣಿಯ ತಿಂಗಳುಗಳಲ್ಲಿ ಗಂಟೆಗೆ ಇಂತಿಷ್ಟು ವಾಹನಗಳೆಂದು ಮುಂಗಡ ಕಾಯ್ದಿರಿಸುವಿಕೆಯನ್ನು ಜಾರಿಗೊಳಿಸಲಾಯಿತು. ಉದ್ಯಾನಕ್ಕೆ ಒಂದೇ ದ್ವಾರವಿದ್ದುದರಿಂದ ಇದು ಸಾಧ್ಯವಾಯಿತು. ಸೆಡೋನಾದ ಬೆಟ್ಟಗಳಿಗೆ ಅಂತಹ ದ್ವಾರವಿಲ್ಲ, ಹೆದ್ದಾರಿಯೇ ಹೆಬ್ಬಾಗಿಲು.

ಸವಕಳಿಯ ಪ್ರಶ್ನೆ

ಕಾರ್ಖಾನೆಯ ಯಂತ್ರಕ್ಕೆ ಪ್ರತಿವರ್ಷ ಸವಕಳಿ ಲೆಕ್ಕ ಹಾಕಿ ಅದನ್ನು ಲಾಭದಿಂದ ಕಳೆಯಲಾಗುತ್ತದೆ. ಹಾಗೆ ಮಾಡದ ಸಂಸ್ಥೆ ತನ್ನ ಬಂಡವಾಳವನ್ನೇ ಲಾಭವೆಂದು ಹಂಚಿ ತಿನ್ನುತ್ತಿರುತ್ತದೆ. ಪ್ರವಾಸೋದ್ಯಮವನ್ನು ನಂಬಿದ ಊರಿನ ಯಂತ್ರಗಳೆಂದರೆ ಅದರ ಹಾದಿಗಳು, ನೀರು, ನೆಮ್ಮದಿ ಮತ್ತು ಅಲ್ಲಿ ದುಡಿಯುವವರು ವಾಸಿಸಬಲ್ಲ ಮನೆಗಳು. ಇವುಗಳ ಸವೆತ ಯಾವ ಆಯವ್ಯಯ ಪತ್ರದಲ್ಲೂ ಕಾಣದಿರುವುದರಿಂದ ಅದು ಇಲ್ಲವೆಂದು ಭಾವಿಸುವುದು ಸುಲಭ.

ಪ್ರವಾಸಿಗರನ್ನು ದೂರವಿಡುವುದು ಸೆಡೋನಾಕ್ಕೆ ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಅವರಿಲ್ಲದೆ ಅದರ ಬೊಕ್ಕಸ ಬರಿದು. ಆದರೆ ಬಂದ ತೆರಿಗೆಯ ಮೊದಲ ಪಾಲು ಸವೆದುದನ್ನು ಸರಿಪಡಿಸಲು ಮತ್ತು ದುಡಿಯುವವರ ವಸತಿಗೆ ಸಲ್ಲಬೇಕು. ಪ್ರಚಾರದ ಸರದಿ ಆಮೇಲೆ. ಈ ಕ್ರಮವನ್ನು ಊರು ತುಂಬುವ ಮುನ್ನವೇ ನಿಗದಿಪಡಿಸಿಕೊಂಡರೆ ವೆಚ್ಚ ಅಲ್ಪ. ತುಂಬಿದ ಮೇಲೆ ಅದಕ್ಕಾಗಿ ಮತಪೆಟ್ಟಿಗೆಯ ಮುಂದೆ ನಿಲ್ಲಬೇಕಾಗುತ್ತದೆ.