ನಡುವಯಸ್ಸಿನಲ್ಲಿ ವೃತ್ತಿಪಲ್ಲಟ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯು ನಮ್ಮ ಜನರ ನಾಲಗೆಯ ಮೇಲೆ ಸದಾ ಇರತಕ್ಕದ್ದು. ಮಕ್ಕಳ ಶಿಕ್ಷಣದ ಮಟ್ಟಿಗೆ ಅದರಲ್ಲಿ ತಥ್ಯವಿಲ್ಲದಿಲ್ಲ. ಆದರೆ ನಲವತ್ತೈದು ದಾಟಿದ ಗೃಹಸ್ಥನೊಬ್ಬನು ತನ್ನ ಉದ್ಯೋಗವನ್ನು ಬಿಟ್ಟು ಬೇರೊಂದನ್ನು ಹಿಡಿಯುವೆನೆಂದು ಬಾಯಿ ತೆರೆದೊಡನೆ ಬಂಧುಮಿತ್ರರೆಲ್ಲರೂ ಇದೇ ಗಾದೆಯನ್ನು ಅವನ ಮುಂದೆ ಹಿಡಿಯುತ್ತಾರೆ. ಹಿಂದೆ ಮನುಷ್ಯನ ಕಸುಬನ್ನು ಅವನ ಹುಟ್ಟು ಗೊತ್ತುಮಾಡುತ್ತಿತ್ತು. ಅನಂತರ ಇಪ್ಪತ್ತನೆಯ ವಯಸ್ಸಿನಲ್ಲಿ ಬರೆದ ಪರೀಕ್ಷೆಯು ಗೊತ್ತುಮಾಡತೊಡಗಿತು. ಎರಡರ ಬುಡದಲ್ಲಿಯೂ ಇರುವ ಭಾವನೆ ಒಂದೇ: ಒಮ್ಮೆ ಹಿಡಿದ ದಾರಿಯನ್ನು ಕಡೆಯವರೆಗೂ ಸವೆಸತಕ್ಕದ್ದೆಂಬುದು. ಈ ಭಾವನೆಯು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ನಮ್ಮ ನಾಡಿನವೇ ಆದ ನಿದರ್ಶನಗಳಿಂದ ಪರೀಕ್ಷಿಸೋಣ.

ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾನೂನು ಓದಿ, ಇಂದು ವಿಜಯಪುರವೆನಿಸಿರುವ ಬಿಜಾಪುರದಲ್ಲಿ ವಕೀಲಿ ನಡೆಸುತ್ತಿದ್ದವರು. ಕಕ್ಷಿದಾರರ ಕೆಲಸದ ನಡುವೆಯೇ ಅವರು ಊರೂರುಗಳ ಮನೆಗಳಲ್ಲಿ ಪೂಜೆಯ ಕಟ್ಟುಗಳಾಗಿ ಉಳಿದಿದ್ದ ತಾಳೆಗರಿಗಳನ್ನು ಹುಡುಕಿ, ಶರಣರ ವಚನಗಳನ್ನು ಪ್ರತಿಮಾಡತೊಡಗಿದರು. ಸುಮಾರು ಇಪ್ಪತ್ತು ವರ್ಷಗಳ ಈ ಪರಿಶ್ರಮದ ಫಲವಾಗಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಹೊರಬಂದಿತು. ಅಲ್ಲಿಗೆ ತೃಪ್ತರಾಗದೆ, ಅವರು ಇದ್ದ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ವನ್ನೂ 1927ರಲ್ಲಿ ‘ನವಕರ್ನಾಟಕ’ವನ್ನೂ ಹೊರಡಿಸಿದರು. ಆ ಹೊತ್ತಿಗೆ ಅವರ ವಯಸ್ಸು ನಲವತ್ತೈದನ್ನು ಮೀರಿದ್ದಿತು. ವಕೀಲಿಯು ಹಿಂದೆ ಸರಿಯಿತು. ಆದರೆ ಸಾಕ್ಷ್ಯವನ್ನು ತೂಗಿ, ಒಂದು ಪತ್ರವನ್ನು ಮತ್ತೊಂದರೊಡನೆ ಹೋಲಿಸುವ ವಕೀಲನ ದೃಷ್ಟಿಯು ಹಿಂದೆ ಸರಿಯಲಿಲ್ಲ. ಒಂದು ವಚನದ ಹಲವು ಪ್ರತಿಗಳಲ್ಲಿ ಯಾವ ಪಾಠವು ಶುದ್ಧವೆಂದು ನಿರ್ಣಯಿಸುವವನಿಗೆ ಬೇಕಾದುದೂ ಅದೇ ಅಲ್ಲವೇ?

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಸಂಗತಿ ಬೇರೊಂದು ಬಗೆಯದು. ಅವರು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸೇರಿ, ಜಿಲ್ಲಾಧಿಕಾರದವರೆಗೆ ಏರಿದವರು. ತಮಗಿಂತ ಕಿರಿಯರಾದವರಿಗೆ ಮೇಲಿನ ಪದವಿಯು ಸಲ್ಲಲಾಗಿ, 1943ರಲ್ಲಿ, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ರಾಜೀನಾಮೆಯನ್ನಿತ್ತು ಹೊರಬಂದರು. ಅಂಥ ಅಸಮಾಧಾನದಿಂದ ಹೊರಬಂದವರಲ್ಲಿ ಅನೇಕರು ಉಳಿದ ಆಯುಷ್ಯವನ್ನು ಆ ಅಸಮಾಧಾನವನ್ನು ಕುರಿತ ಮಾತಿನಲ್ಲಿಯೇ ಕಳೆಯುವುದುಂಟು. ಇವರಾದರೋ 1944ರಲ್ಲಿ ‘ಜೀವನ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿ ಸುಮಾರು ಎರಡು ದಶಕಗಳ ಕಾಲ ನಡೆಸಿದರು, 1956ರಲ್ಲಿ ‘ಚಿಕವೀರ ರಾಜೇಂದ್ರ’ವನ್ನು ಪ್ರಕಟಿಸಿದರು, ಅದಕ್ಕಾಗಿ ಜ್ಞಾನಪೀಠ ಪ್ರಶಸ್ತಿಯು 1983ನೆಯ ವರ್ಷಕ್ಕೆ ಅವರಿಗೆ ಸಂದಿತು. ಆದರೆ ಅವರ ಮೊದಲನೆಯ ಕಥಾಸಂಗ್ರಹವು ಹೊರಬಂದದ್ದು 1920ರಲ್ಲಿ, ಅಂದರೆ ರಾಜೀನಾಮೆಗೆ ಇಪ್ಪತ್ತಮೂರು ವರ್ಷ ಮುಂಚೆ, ಎಂಬುದನ್ನು ವಾಚಕರು ಲಕ್ಷಿಸಬೇಕು.

ಈ ಇಬ್ಬರೂ ಕಣ್ಣು ಮುಚ್ಚಿ ಬಾವಿಗೆ ಹಾರಿದವರಲ್ಲ. ರೈತನು ಗದ್ದೆಯಲ್ಲಿ ನಾಟಿ ಮಾಡುವ ಮೊದಲು ಸಸಿಮಡಿಯನ್ನು ಬೆಳೆಸಿಕೊಳ್ಳುವಂತೆ, ಇವರು ಮೊದಲಿನ ವೃತ್ತಿಯಲ್ಲಿರುವಾಗಲೇ ಎರಡನೆಯದಕ್ಕೆ ಸಸಿ ಮಾಡಿಕೊಂಡಿದ್ದರು. ವೃತ್ತಿಪಲ್ಲಟದ ರಹಸ್ಯವಿರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಬೇಸರವೊಂದೇ ಸಾಕಾದ ಕಾರಣವಲ್ಲ. ಹೊಸ ಕೆಲಸದ ಕಷ್ಟವನ್ನು ಹಲವು ವರ್ಷ ಸಂಬಳವಿಲ್ಲದೆಯೇ ಪ್ರೀತಿಯಿಂದ ಸಹಿಸಿದವನಿಗೆ ಮಾತ್ರ ಅದು ಕೈಹಿಡಿದೀತು. ಅದಕ್ಕೆ ತೆರುವ ಬೆಲೆಯನ್ನೂ ಮರೆಯಲಾಗದು. ಹಳಕಟ್ಟಿಯವರು ಮನೆಯನ್ನು ಮಾರಿದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಮನೆಯಲ್ಲಿ ಅವರೊಬ್ಬರೇ ವಾಸವಾಗಿದ್ದವರಲ್ಲವೆಂಬುದು ಯಾರ ನೆನಪಿಗೂ ಬರುವುದಿಲ್ಲ. ಮಕ್ಕಳ ಶುಲ್ಕ, ತಾಯಿತಂದೆಗಳ ಔಷಧ, ಮನೆಸಾಲದ ಕಂತು ಇವುಗಳ ಲೆಕ್ಕವನ್ನು ಮಡದಿಯೊಡನೆ ಕುಳಿತು ಹಾಕದೆ ಕೈಗೊಂಡ ನಿರ್ಧಾರವನ್ನು ಸಾಹಸವೆನ್ನಲು ನಾವು ಒಪ್ಪೆವು.

ಇಷ್ಟು ತಾವಾಗಿ ಬಿಟ್ಟವರ ಮಾತಾಯಿತು. ಬಿಡಿಸಲ್ಪಟ್ಟವರ ಗತಿಯೇನು? ಕೋಲಾರದ ಚಿನ್ನದ ಗಣಿಗಳು ಒಂದು ಶತಮಾನಕ್ಕೂ ಮಿಕ್ಕಿ ನಡೆದು 2001ರ ಫೆಬ್ರವರಿ 28ರಂದು ಮುಚ್ಚಿಹೋದವು. ನೆಲದಡಿ 3 ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದಿದ್ದ ಆ ಗಣಿಗಳಲ್ಲಿ ಬಂಡೆಯನ್ನು ಸಿಡಿಸುವ, ಕುಸಿತವನ್ನು ತಡೆಯುವ ವಿದ್ಯೆಯನ್ನು ತಂದೆಯಿಂದ ಮಗನು ಕಲಿತಿದ್ದನು. ಗಣಿಯು ಮುಚ್ಚಿದ ಮರುದಿನ ನೆಲದ ಮೇಲೆ ಆ ವಿದ್ಯೆಗೆ ಗಿರಾಕಿಯೇ ಇಲ್ಲದಾಯಿತು. ನಲವತ್ತೈದರ ಗಣಿಗಾರನು ಅದುವರೆಗೆ ಬೇರೊಂದು ಸಸಿಯನ್ನು ಬೆಳೆಸಿಕೊಳ್ಳಲು ಅವನಿಗೆ ಬಿಡುವನ್ನಾಗಲಿ ಶಾಲೆಯನ್ನಾಗಲಿ ಯಾರು ಒದಗಿಸಿದ್ದರು? ಆ ಊರಿನ ಸಾವಿರಾರು ಜನರು ನಸುಕಿನ ರೈಲನ್ನೇರಿ ಬೆಂಗಳೂರಿಗೆ ದುಡಿಯಹೋಗಿ ರಾತ್ರಿಗೆ ಮರಳುವುದು ವಾಡಿಕೆಯಾಯಿತು. ಇವರಿಗೆ ಪುರುಷಪ್ರಯತ್ನವನ್ನು ಕುರಿತು ಉಪದೇಶಿಸುವುದು ಸುಲಭ. ಆದರೆ ಪ್ರಯತ್ನಕ್ಕೆ ಕಾಲಿಡಲು ನೆಲವಿರಬೇಕು.

ಆ ನೆಲವನ್ನು ಒದಗಿಸುವುದು ರಾಜ್ಯದ ಕರ್ತವ್ಯವೇ ಸರಿ. ಕೆಲವು ಬಾಗಿಲುಗಳು ತೆರೆದಿವೆಯೆಂಬುದು ಸಂತೋಷದ ವಿಷಯ. ನಲವತ್ತೈದು ದಾಟಿದವರನ್ನು ವಕೀಲರನ್ನಾಗಿ ನೋಂದಾಯಿಸಕೂಡದೆಂದು ಭಾರತದ ವಕೀಲರ ಪರಿಷತ್ತು 1993ರಲ್ಲಿ ಮಾಡಿದ ನಿಯಮವನ್ನು ಸುಪ್ರೀಂ ಕೋರ್ಟು 1995ರಲ್ಲಿ ತಳ್ಳಿಹಾಕಿತು. ವೈದ್ಯಕೀಯ ಪ್ರವೇಶಪರೀಕ್ಷೆಗಿದ್ದ ವಯಸ್ಸಿನ ಮೇಲ್ಮಿತಿಯು 2022ರಲ್ಲಿ ರದ್ದಾಯಿತು. ಸಂಸಾರಸ್ಥರು ಮನೆಯಲ್ಲಿದ್ದುಕೊಂಡೇ ಓದಲೆಂದು ಮೈಸೂರಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯವು 1996ರಿಂದ ಇದೆ. ಹೀಗೆ ಕಲಿಯುವ ಬಾಗಿಲು ತೆರೆಯಿತು. ದುಡಿಯುವ ಬಾಗಿಲಿಗೆ ಮಾತ್ರ ಅಗುಳಿ ಹಾಗೆಯೇ ಇದೆ. ಐವತ್ತರಲ್ಲಿ ಪದವಿ ಪಡೆದವನು ಅರ್ಜಿ ಹಿಡಿದು ಹೊರಟರೆ, ಜಾಹೀರಾತಿನ ವಯೋಮಿತಿಯ ಸಾಲೇ ಅವನನ್ನು ಹಿಂದಕ್ಕೆ ಕಳುಹಿಸುತ್ತದೆ. ದೇಹಬಲವೇ ಪ್ರಧಾನವಾದ ಕೆಲಸಗಳಲ್ಲಿ ಮಿತಿಯಿರಲಿ. ಲೆಕ್ಕ, ಬೋಧನೆ, ಉಸ್ತುವಾರಿ ಇಂಥವುಗಳಿಗೆ ನರೆಗೂದಲು ಹೇಗೆ ಅಡ್ಡಿಯಾದೀತೆಂಬುದು ನಮಗೆ ತಿಳಿಯದು.

ಆದುದರಿಂದ ನಾವು ಎರಡು ಮಾತುಗಳನ್ನು ಸೂಚಿಸಬಯಸುತ್ತೇವೆ. ನೇಮಕಾತಿಯ ನಿಯಮಗಳನ್ನು ರಚಿಸುವ ಅಧಿಕಾರಿವರ್ಗವು ಪ್ರತಿಯೊಂದು ಹುದ್ದೆಯ ವಯೋಮಿತಿಗೂ ಕಾರಣವನ್ನು ತನ್ನಷ್ಟಕ್ಕೆ ತಾನು ಕೇಳಿಕೊಳ್ಳಲಿ. ಕಾರಣ ದೊರೆಯದ ಕಡೆ ಅದನ್ನು ತೆಗೆದುಹಾಕಲಿ. ಕಾರ್ಖಾನೆಯೊಂದನ್ನು ಮುಚ್ಚುವಾಗ ಪರಿಹಾರದ ಮೊತ್ತದೊಡನೆ ಹೊಸ ಕಸುಬಿನ ಶಿಕ್ಷಣವನ್ನೂ, ಮುಚ್ಚುವುದಕ್ಕೆ ಮುಂಚಿತವಾಗಿಯೇ, ಏರ್ಪಡಿಸಲಿ. ಇನ್ನು ಭದ್ರವಾದ ನೌಕರಿಯಲ್ಲಿರುವ ವಾಚಕರು, ತಮಗೆ ಬಿಡುವ ಇಚ್ಛೆಯಿರಲಿ ಇಲ್ಲದಿರಲಿ, ಮತ್ತೊಂದು ವಿದ್ಯೆಗೆ ವಾರದಲ್ಲಿ ಕೆಲವು ಗಂಟೆಗಳನ್ನು ಮೀಸಲಿಡುವುದು ಒಳಿತು. ಬಿಡಬೇಕಾದ ದಿನವು ಬಂದರೆ ಅದು ಅನ್ನಕ್ಕೆ ದಾರಿಯಾದೀತು. ಬಾರದಿದ್ದರೆ ನಿವೃತ್ತಿಯ ಅನಂತರದ ವರ್ಷಗಳಿಗೆ ಸಂಗಾತಿಯಾದೀತು.