ಜೈಲಿನ ಪಾಠಕ್ಕೆ ಯಾರಪ್ಪನ ದುಡ್ಡು?

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಯ ಒಳಪುಟದಲ್ಲಿ ಜೈಲಿನಲ್ಲೇ ಓದಿ ಪಾಸಾದ ಕೈದಿಯ ಪುಟ್ಟ ಸುದ್ದಿ ಕಂಡರೆ ಸಾಕು, ರಾಗ ಶುರು: ‘ನಾವು ಮಕ್ಕಳ ಫೀಸಿಗೆ ಸಾಲ ಮಾಡಬೇಕು, ಕೊಲೆಗಾರರಿಗೆ ನಮ್ಮ ತೆರಿಗೆ ದುಡ್ಡಲ್ಲಿ ಪುಕ್ಕಟೆ ವಿದ್ಯೆ!’ ಕೂಡಿಸಿ ಕಳೆಯಲು ಬರುವವರೇ ಹೀಗನ್ನುತ್ತಾರಲ್ಲ, ಅದಕ್ಕೇ ಮೈ ಉರಿಯುವುದು.

ಎಷ್ಟು ದುಡ್ಡು ಸ್ವಾಮಿ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) ಕಾರಾಗೃಹ ವರದಿಗಳನ್ನು ತೆರೆದು ನೋಡಿ. ಕೈದಿಗಳಿಗೆಂದು ಮಾಡುವ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಊಟಕ್ಕೇ ಹೋಗುತ್ತದೆ. ಶಿಕ್ಷಣ, ವೃತ್ತಿ ತರಬೇತಿ ಎರಡಕ್ಕೂ ಸೇರಿ ಸಿಗುವುದು ಶೇ. 1ರ ಆಸುಪಾಸು. ಕಾವಲು, ಕರೆಂಟು, ಅನ್ನ-ಸಾರಿನ ಖರ್ಚು ಕೈದಿ ಓದಿದರೂ ಇದೆ, ಬ್ಯಾರಕ್ಕಿನಲ್ಲಿ ಬೀಡಿಗಾಗಿ ಜಗಳವಾಡುತ್ತ ಕೂತರೂ ಇದೆ. ಓದಿಸಿದರೆ ಮೇಲೆ ಬೀಳುವುದು ಪಠ್ಯಪುಸ್ತಕ, ನೋಟ್‌ಬುಕ್, ಮೇಷ್ಟರ ಸಂಬಳ. ಎಷ್ಟೋ ಕಡೆ ಪಾಠ ಹೇಳುವವನೂ ಡಿಗ್ರಿ ಮಾಡಿದ ಇನ್ನೊಬ್ಬ ಕೈದಿಯೇ. ಹತ್ತನೇ ತರಗತಿ, ಹನ್ನೆರಡನೇ ತರಗತಿ ಕಟ್ಟುವ ಕೈದಿಗಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್) ಶುಲ್ಕವನ್ನೇ ಬಿಟ್ಟಿದೆ.

ಓದಿಸದೆ ಬಿಟ್ಟರೆ ಉಳಿತಾಯವೇ? ಅಮೆರಿಕದ ರ‍್ಯಾಂಡ್ ಸಂಸ್ಥೆ 2013ರಲ್ಲಿ ಅಲ್ಲಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ತೂಗಿತು. ಜೈಲಿನಲ್ಲಿ ಓದಿದವರು ಮತ್ತೆ ಜೈಲಿಗೆ ಬರುವ ಪ್ರಮಾಣ 13 ಶೇಕಡಾ ಅಂಶಗಳಷ್ಟು ಕಡಿಮೆ. ಓದಿಗೆ ಹಾಕಿದ ಪ್ರತಿ ಡಾಲರಿಗೆ ಮೂರು ವರ್ಷದೊಳಗೆ ಜೈಲಿನ ಖರ್ಚಿನಲ್ಲೇ ನಾಲ್ಕರಿಂದ ಐದು ಡಾಲರ್ ಉಳಿತಾಯ. ಓದಲು ಮುಂದೆ ಬರುವವರು ಮೊದಲೇ ಸುಧಾರಿಸುವ ಮನಸ್ಸಿದ್ದವರು ಎಂದು ಸ್ವಲ್ಪ ಕಡಿತ ಮಾಡಿಕೊಂಡರೂ ಈ ವ್ಯವಹಾರದಲ್ಲಿ ನಷ್ಟವಿಲ್ಲ.

ಇನ್ನು ಈ ರಾಗ ಹಾಡುವವರ ಉಳಿದ ಮಾತುಗಳು. ‘ಒಳಗಿರುವವರೆಲ್ಲ ಕೊಲೆಗಾರರು’: 2022ರ ಕೊನೆಗೆ ದೇಶದ ಕೈದಿಗಳಲ್ಲಿ ಶೇ. 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನರು, ಅವರ ತೀರ್ಪೇ ಬಂದಿಲ್ಲ. ‘ಜೈಲಿನ ತುಂಬ ಹೈಸ್ಕೂಲು ಮಕ್ಕಳು’: 18 ತುಂಬದವರನ್ನು ಜೈಲಿಗೆ ಹಾಕುವಂತಿಲ್ಲ, ಅವರಿಗೆ ವೀಕ್ಷಣಾಲಯಗಳಿವೆ. ‘ಓದು ಬಂದೇ ತಾನೆ ಕೆಟ್ಟಿದ್ದು’: ಕೈದಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಹತ್ತನೇ ತರಗತಿ ದಾಟಿದವರೇ ಅಲ್ಲ.

ಜೈಲಿನ ಪಾಠಕ್ಕೆ ನಿಜವಾದ ಅಡ್ಡಿ ದುಡ್ಡಲ್ಲ. ಗಣಿತ ತಲೆಗೆ ಹತ್ತುವ ಹೊತ್ತಿಗೆ ಕೈದಿಗೆ ಜಾಮೀನು ಸಿಗುತ್ತದೆ, ಇಲ್ಲವೇ ಬೇರೆ ಜೈಲಿಗೆ ಸಾಗಿಸುತ್ತಾರೆ. ಪುಸ್ತಕ ಅಲ್ಲೇ ಉಳಿಯುತ್ತದೆ. ಈ ಬಗ್ಗೆ ಯಾರಿಗೂ ಸಿಟ್ಟು ಬರುವುದಿಲ್ಲ.

ಬರುವುದೂ ಇಲ್ಲ ಬಿಡಿ. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಕಾಲು ಗಂಟೆ ಚೌಕಾಸಿ ಮಾಡುವ ನಾವು, ಕೈದಿಗಳ ಓದಿಗೆ ಖರ್ಚಾಯಿತೆಂದು ವಾಟ್ಸಾಪಿನಲ್ಲಿ ಬಂದ ‘ಕೋಟಿ ಕೋಟಿ’ಯನ್ನು ಮಾತ್ರ ಯಾವ ಕೋಟಿ, ಯಾವ ವರ್ಷದ್ದು ಎಂದು ಕೇಳದೆ ನುಂಗುತ್ತೇವೆ. ನಮ್ಮ ಸಿಟ್ಟಿಗೆ ಒಗ್ಗುವ ಸುಳ್ಳಿಗೆ ರಸೀದಿ ಕೇಳುವ ಅಭ್ಯಾಸವೇ ನಮಗಿಲ್ಲ. ಶೇ. 1ರ ಮೇಲೆ ಕೂಗಾಡುವವರು ಮೊದಲು ಉಳಿದ 99ರ ಲೆಕ್ಕ ಕೇಳಲಿ.