ಪದವು, ಬೈಲು ಮತ್ತು ಪಂಚಾಯತು: ಗ್ರಾಮದ ನೆಲವನ್ನು ಕಾಯುವ ಯೋಜನೆ

ಗ್ರಾಮಾಭಿವೃದ್ಧಿಯೆಂಬ ಮಾತು ಕಿವಿಗೆ ಬಿದ್ದೊಡನೆ ರಸ್ತೆ, ದಾರಿದೀಪ, ಸಭಾಭವನ ಮುಂತಾದವೇ ನಮ್ಮ ಮನಸ್ಸಿಗೆ ಬರುತ್ತವೆ. ಇವು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಇವೆಲ್ಲವೂ ಯಾವ ನೆಲದ ಮೇಲೆ ನಿಲ್ಲಬೇಕೋ ಆ ನೆಲದ ರೂಪವೇನು, ಅದರ ನೀರು ಎಲ್ಲಿ ಇಂಗಿ ಎಲ್ಲಿ ಹೊರಬೀಳುತ್ತದೆ, ಯಾವ ಗುಡ್ಡವನ್ನು ಕಡಿದರೆ ಯಾರ ಬಾವಿ ಬತ್ತುತ್ತದೆ ಎಂಬ ವಿಚಾರವು ಪಂಚಾಯತಿನ ಯೋಜನಾ ಪುಸ್ತಕಗಳಲ್ಲಿ ಕಾಣುವುದು ಅಪೂರ್ವ. ನೆಲದ ರೂಪವೆಂದರೆ ಕಣ್ಣಿಗೆ ಹಿತವಾದ ನೋಟ ಮಾತ್ರವೆಂದು ವಾಚಕರು ತಿಳಿಯಬಾರದು. ಅದು ಒಂದು ಊರಿನ ನೀರಿನ ಲೆಕ್ಕವೂ ಹೌದು, ಅನ್ನದ ಲೆಕ್ಕವೂ ಹೌದು. ಕಾಸರಗೋಡಿನ ಉತ್ತರಭಾಗದ ಯಾವುದೇ ಗ್ರಾಮ ಪಂಚಾಯತು ತನ್ನ ನೆಲವನ್ನು ಕಾಯ್ದು ಸುಧಾರಿಸಬಯಸಿದರೆ ಆ ಕೆಲಸವನ್ನು ಪದವಿನ ತಲೆಯಿಂದ ಆರಂಭಿಸಬೇಕಲ್ಲದೆ ಬೈಲಿನಿಂದಲ್ಲವೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ನಮ್ಮ ನೆಲದ ರಚನೆ ಬಹು ಸರಳ. ಮೇಲೆ ಚಪ್ಪಟೆಯಾದ ಕೆಂಪುಕಲ್ಲಿನ ಪದವು; ಅದರ ಕೆಳಗೆ ಮರಗಿಡಗಳ ಇಳಿಜಾರು; ಇಳಿಜಾರಿನ ಬುಡದಲ್ಲಿ ಮನೆಗಳೂ ಅಡಿಕೆ ತೋಟಗಳೂ; ಎಲ್ಲಕ್ಕಿಂತ ಕೆಳಗೆ ತೋಡು ಹರಿಯುವ ಬೈಲು. ಗದ್ದೆಗಳಲ್ಲಿಯೂ ನಮ್ಮ ಹಿರಿಯರು ನೀರನ್ನು ನೋಡಿಯೇ ದರ್ಜೆ ಮಾಡಿದ್ದರು. ತಗ್ಗಿನ ಬೈಲುಗದ್ದೆಯಲ್ಲಿ ನೀರಿದ್ದರೆ ಏಣಿಲು, ಸುಗ್ಗಿ, ಕೊಳಕೆಯೆಂದು ಮೂರು ಬೆಳೆ. ನಡುವಣ ಮಜಲಿನಲ್ಲಿ ಎರಡು. ಎತ್ತರದ ಬೆಟ್ಟುಗದ್ದೆಯಲ್ಲಿ ಮಳೆಯ ಒಂದೇ ಬೆಳೆ. ಈ ಮೂರು ಹೆಸರುಗಳನ್ನು ತಿಳಿದವನಿಗೆ ಊರಿನ ಅರ್ಧ ನಕಾಶೆ ಬಾಯಿಪಾಠವಾದಂತೆಯೇ.

ಕೆಂಪುಕಲ್ಲಿನ ಗುಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಆವಶ್ಯಕ. 1800-01ರಲ್ಲಿ ಮಲಬಾರು ಮತ್ತು ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಅಧಿಕಾರಿಯು, ನೆಲದೊಳಗಿರುವಾಗ ಕತ್ತಿಯಿಂದ ಕೊಯ್ಯುವಷ್ಟು ಮೃದುವಾಗಿದ್ದು ಗಾಳಿಗೆ ಬಂದೊಡನೆ ಗಟ್ಟಿಯಾಗುವ ಈ ಕಲ್ಲನ್ನು ಕಂಡು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಆ ಹೆಸರು ಲೋಕಕ್ಕೆಲ್ಲ ತಿಳಿಯಿತು. ಈ ಕಲ್ಲಿನ ತುಂಬ ತೂತುಗಳಿವೆ. ಮೇಲಿನ ಗಟ್ಟಿ ಪದರದ ಬಿರುಕುಗಳಲ್ಲಿ ಇಳಿದ ಮಳೆನೀರು ಒಳಗಿನ ತೂತುಗಳಲ್ಲಿ ನಿಧಾನವಾಗಿ ಸಾಗಿ, ಅಡಿಯಲ್ಲಿರುವ ಶೇಡಿಮಣ್ಣಿನ ಪದರವನ್ನು ಮುಟ್ಟಿ, ಅಲ್ಲಿಂದ ಪಕ್ಕಕ್ಕೆ ಸರಿದು ಇಳಿಜಾರಿನ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲ್ಲಿಮೀಟರ್ ಮಳೆ ಬಿದ್ದರೆ 4047 ಲೀಟರು ನೀರಾಗುತ್ತದೆ. ಹಾಗಾದರೆ ಒಂದು ಎಕರೆ ಪದವಿನ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಸುಮಾರು 1 ಕೋಟಿ 41 ಲಕ್ಷ ಲೀಟರು. ಏಳನೆಯ ತರಗತಿಯ ಬಾಲಕನೂ ಮಾಡಬಹುದಾದ ಲೆಕ್ಕ ಇದು. ಇಷ್ಟು ನೀರು ಬಿದ್ದೂ ಎಪ್ರಿಲಿನಲ್ಲಿ ಕೊಡ ಹಿಡಿದು ನಿಲ್ಲಬೇಕಾಗುತ್ತದೆಂದರೆ ದೋಷವು ಮಳೆಯದಲ್ಲ, ನೀರು ನಿಲ್ಲಬೇಕಾದ ಜಾಗದ್ದು. ಜಿಲ್ಲೆಯಲ್ಲಿ 12 ನದಿಗಳಿರುವವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಮಂಜೇಶ್ವರದ ಹೊಳೆ ಕೇವಲ 16 ಕಿಲೋಮೀಟರು ಉದ್ದದ್ದು. ಇಂತಹ ಚಿಕ್ಕ ಹೊಳೆಗೆ ದೂರದ ಪರ್ವತದ ಆಸರೆಯಿಲ್ಲ. ಅಕ್ಕಪಕ್ಕದ ಪದವುಗಳು ಮಳೆಗಾಲದಲ್ಲಿ ಕುಡಿದುಕೊಂಡದ್ದನ್ನು ಬೇಸಗೆಯಲ್ಲಿ ಬಿಟ್ಟುಕೊಟ್ಟರೆ ಮಾತ್ರ ಅದು ಹರಿದೀತು.

ಈ ಮರ್ಮವನ್ನು ಅರಿತವರು ನಮ್ಮ ಪೂರ್ವಜರು. ಇಳಿಜಾರಿನಲ್ಲಿ ಒಬ್ಬ ಮನುಷ್ಯ ನಿಂತು ಹೋಗುವಷ್ಟು ಎತ್ತರ, ಎರಡು ಎರಡೂವರೆ ಅಡಿ ಅಗಲದ ಸುರಂಗವನ್ನು ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಹೊರಗಿನ ಮಣ್ಣಿನ ಕೆರೆಗೆ ತರುವ ಪದ್ಧತಿ ಇಲ್ಲಿಯ ವೈಶಿಷ್ಟ್ಯ. ಯಂತ್ರ ಬೇಡ, ಹಗ್ಗ ಬೇಡ. ನೀರು ತಾನೇ ನಡೆದು ಮನೆಬಾಗಿಲಿಗೆ ಬರುತ್ತದೆ. ಕಣಿವೆಯ ನೆತ್ತಿಯಲ್ಲಿ ಏರಿ ಹಾಕಿ ಮದಕಗಳನ್ನು ಕಟ್ಟಿದರು. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳಿಂದ ಕಟ್ಟ ಹಾಕುವುದು ಊರವರೆಲ್ಲರೂ ಸೇರಿ ಮಾಡುವ ಕೆಲಸವಾಗಿತ್ತು. ಏತಡ್ಕದಲ್ಲಿ ಒಂದರ ಕೆಳಗೊಂದರಂತೆ ಸಾಲಾಗಿ ಕಟ್ಟುವ ಕಟ್ಟಗಳು ಹೆಸರಾದವು. ಸರಣಿಯ ಗುಣ ಇಲ್ಲಿಯೇ ಇದೆ. ಮೇಲಿನ ಕಟ್ಟದಿಂದ ಇಂಗಿದ ನೀರು ಕೆಳಗಿನ ಕಟ್ಟಕ್ಕೆ ಬಂದು ಸೇರುವುದರಿಂದ ಒಬ್ಬಂಟಿ ಕಟ್ಟಕ್ಕಿಂತ ಸಾಲುಕಟ್ಟಗಳು ಹೆಚ್ಚು ಕಾಲ ನೀರು ಹಿಡಿಯುತ್ತವೆ. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಂದಾಯ ಪದ್ಧತಿಯಲ್ಲಿದ್ದ ಕುಮ್ಕಿಯ ಹಕ್ಕನ್ನೂ ಇಲ್ಲಿ ನೆನೆಯಬೇಕು. ಸಾಗುವಳಿ ಭೂಮಿಯ ಗಡಿಯಿಂದ 100 ಗಜದೊಳಗಣ ಸರಕಾರಿ ನೆಲದಿಂದ ರೈತನು ಸೊಪ್ಪು, ಸೌದೆ, ಹುಲ್ಲುಗಳನ್ನು ತರಬಹುದಾಗಿತ್ತು. ಗದ್ದೆಗೆ ಸೊಪ್ಪು ಬೇಕಾದುದರಿಂದ ಗುಡ್ಡದ ಮೇಲೆ ಗಿಡ ಉಳಿಯಿತು. ಮನೆಗೆ ಮುಳಿಹುಲ್ಲಿನ ಮಾಡು ಬೇಕಾದುದರಿಂದ ಪದವಿನ ಮೇಲೆ ಹುಲ್ಲು ಉಳಿಯಿತು. ಕಾಯುವುದಕ್ಕೆ ಬೇರೆ ಕಾವಲುಗಾರನು ಬೇಕಿರಲಿಲ್ಲ.

ಊರುಗಳ ಹೆಸರುಗಳಲ್ಲಿಯೂ ಈ ತಿಳಿವಳಿಕೆ ಅಡಗಿದೆ. ನೀರ್ಚಾಲು ಎಂಬಲ್ಲಿ ನೀರಿನ ಚಾಲು ಇದೆ. ಬದಿಯಡ್ಕ, ಏತಡ್ಕಗಳ ಕೊನೆಯ 'ಅಡ್ಕ'ವು ಬಯಲಾದ ಒಣನೆಲವನ್ನು ಸೂಚಿಸುತ್ತದೆ. ಪಳ್ಳವೆಂದರೆ ಪದವಿನ ಮೇಲೆ ಮಳೆನೀರು ನಿಲ್ಲುವ ತಗ್ಗು. ಪಳ್ಳವೆಂಬ ಹೆಸರಿನ ಸ್ಥಳದಲ್ಲಿ ಇಂದು ನೀರು ನಿಲ್ಲುವುದಿಲ್ಲವಾದರೆ, ಏನಾಯಿತೆಂದು ಕೇಳುವ ಹಕ್ಕನ್ನು ಆ ಹೆಸರೇ ನಮಗೆ ಕೊಡುತ್ತದೆ.

ಹೆಂಚಿನ ಮಾಡು ಬಂದು ಮುಳಿಹುಲ್ಲು ಬೇಡವಾಯಿತು. ಚೀಲದ ಗೊಬ್ಬರ ಬಂದು ಸೊಪ್ಪು ಬೇಡವಾಯಿತು. ಅಂದಿನಿಂದ ಪದವು ಜನರ ಬಾಯಲ್ಲಿ 'ಪಾಳುಭೂಮಿ'ಯಾಯಿತು. ಪಾಳೆಂದು ಹೆಸರಾದ ನೆಲಕ್ಕೆ ಯಾರು ಏನು ಮಾಡಿದರೂ ಅದು ಅಭಿವೃದ್ಧಿಯೇ ಎನಿಸಿಕೊಳ್ಳುತ್ತದೆ. ವಿಸ್ತಾರವಾದ ಗುಡ್ಡಗಳ ಮೇಲೆ ಸರಕಾರಿ ಗೇರು ತೋಟಗಳಾದವು. 1970ರ ದಶಕದ ಕೊನೆಯಿಂದ 2000ದ ವರೆಗೆ ಅವುಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ತಲೆಯ ಮೇಲೆ ಬಿದ್ದ ವಿಷವು ಸುರಂಗದ ನೀರನ್ನೇ ಕುಡಿಯುವ ಪಡ್ರೆಯಂತಹ ಕಣಿವೆಯ ಜನರಿಗೆ ಏನು ಮಾಡಿತೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ಔಷಧವನ್ನು ತಡೆಯಿತು; 2017ರಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಮೇಲಿನದು ಕೆಳಗಿಳಿಯುತ್ತದೆಂಬ ಸಾಮಾನ್ಯ ಸಂಗತಿಯನ್ನು ಮರೆತುದಕ್ಕೆ ಇಷ್ಟು ದೊಡ್ಡ ದಂಡವನ್ನು ಬೇರೆ ಯಾವ ಊರೂ ತೆತ್ತಿರಲಾರದು.

ಈಗಿನ ಅಪಾಯ ಕಲ್ಲಿನ ಕೋರೆಯದು. ಯಂತ್ರದ ಗರಗಸವು ಕೆಲವೇ ತಿಂಗಳಲ್ಲಿ ಒಂದು ಪದವಿನ ಮೇಲ್ಪದರವನ್ನು ಕೊಯ್ದು ತೆಗೆಯುತ್ತದೆ. ಉಳಿಯುವುದು ಶೇಡಿಮಣ್ಣಿನ ತಳದ ಒಂದು ಹೊಂಡ. ಅದರಲ್ಲಿ ನಿಂತ ನೀರನ್ನು ಕಂಡು 'ಕೆರೆಯಾಯಿತಲ್ಲ' ಎಂದು ಸಮಾಧಾನಪಡುವವರಿದ್ದಾರೆ. ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತಿದ್ದ ಕಲ್ಲೇ ಲಾರಿ ಹತ್ತಿ ಹೋದ ಮೇಲೆ ಹೊಂಡದ ನೀರು ಆ ಸ್ಥಾನವನ್ನು ತುಂಬಲಾರದು. ಇಳಿಜಾರನ್ನು ನೇರವಾಗಿ ಕಡಿದರೆ ಶೇಡಿಯು ನೀರು ಕುಡಿದು ಜಾರುತ್ತದೆ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡವು ಹೆದ್ದಾರಿಗೆ ಕುಸಿದುದನ್ನು ಎಲ್ಲರೂ ಬಲ್ಲರು. 2017ರ ಅಂತರ್ಜಲ ಗಣನೆಯಲ್ಲಿ ಕಾಸರಗೋಡು ಬ್ಲಾಕು ಕೇರಳದಲ್ಲಿಯೇ ಅತಿ ಸಂಕಟದ ಪ್ರದೇಶಗಳ ಸಾಲಿಗೆ ಸೇರಿತು.

ಕಾನೂನು ಏನು ಹೇಳುತ್ತದೆ? ಬೈಲಿಗೆ ಒಂದು ರಕ್ಷೆ ಇದೆ. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯಂತೆ ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ ಮತ್ತು ಮೂವರು ರೈತ ಪ್ರತಿನಿಧಿಗಳ ಒಂದು ಸ್ಥಳೀಯ ಸಮಿತಿಯಿದ್ದು, ಗದ್ದೆಗಳ ದಾಖಲೆಯನ್ನು ಸಿದ್ಧಪಡಿಸುವುದು ಅದರ ಹೊಣೆ. 2020ರಲ್ಲಿ ಸರಕಾರವು ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2000 ರೂಪಾಯಿಯಂತೆ ವಾರ್ಷಿಕ ಗೌರವಧನವನ್ನೂ ಆರಂಭಿಸಿತು. ಆದರೆ ಆ ಗದ್ದೆಗೆ ನೀರು ಕೊಡುವ ಪದವಿನ ಪಾಲಿಗೆ ಇಂತಹ ಕಾಯಿದೆಯಾಗಲಿ ಗೌರವಧನವಾಗಲಿ ಇಲ್ಲ. 2015ರ ಲಘು ಖನಿಜ ನಿಯಮಗಳಂತೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಿಗೆ ಪಡೆದವನಿಗೆ ಅದು ಕೇವಲ ಕಲ್ಲಿನ ರಾಶಿ. ತೊಟ್ಟಿಲನ್ನು ಕಾಯ್ದು ತಾಯಿಯನ್ನು ಬಿಟ್ಟಂತಾಯಿತು.

ಆದ್ದರಿಂದ ಪಂಚಾಯತು ಮೊದಲು ಮಾಡತಕ್ಕ ಕೆಲಸವು ಒಂದು ನಕಾಶೆ. ಈ ವಿಷಯದಲ್ಲಿ ಪರದೇಶದ ಒಂದು ಉದಾಹರಣೆ ನಮಗೆ ಉಪಯುಕ್ತ. ಇಂಗ್ಲೆಂಡಿನ 'ಪ್ಯಾರಿಷ್' ಎಂಬುದು ಮೂಲದಲ್ಲಿ ಒಂದು ಇಗರ್ಜಿಯ ವ್ಯಾಪ್ತಿ. 1894ರ ಕಾಯಿದೆಯಿಂದ ಹಳ್ಳಿಗಾಡಿನ ಪ್ಯಾರಿಷುಗಳಿಗೆ ಚುನಾಯಿತ ಸಭೆಗಳಾದವು, ಬಹುಮಟ್ಟಿಗೆ ನಮ್ಮ ಗ್ರಾಮ ಪಂಚಾಯತಿನಂತೆ. 1980ರ ದಶಕದಲ್ಲಿ ಅಲ್ಲಿಯ 'ಕಾಮನ್ ಗ್ರೌಂಡ್' ಎಂಬ ಸಂಸ್ಥೆಯು, ಪ್ರತಿಯೊಂದು ಪ್ಯಾರಿಷಿನ ಜನರೂ ತಮಗೆ ಬೆಲೆಯುಳ್ಳದ್ದೆಂದು ತೋರಿದ ಮರ, ಕಾಲುದಾರಿ, ಹಳ್ಳ, ಬೇಲಿಗಳನ್ನೆಲ್ಲ ಗುರುತಿಸಿ ಊರಿನ ನಕಾಶೆಯನ್ನು ತಾವೇ ಬರೆಯುವಂತೆ ಪ್ರೇರೇಪಿಸಿತು. ಅಧಿಕಾರಿಯ ನಕಾಶೆಯಲ್ಲಿ ಸರ್ವೆ ನಂಬ್ರ ಇರುತ್ತದೆ. ಊರವರ ನಕಾಶೆಯಲ್ಲಿ ಸರ್ವೆ ನಂಬ್ರಕ್ಕೆ ಕಾಣದ ಒರತೆ ಇರುತ್ತದೆ. 1997ರಲ್ಲಿ ಆ ದೇಶವು 30 ವರ್ಷಕ್ಕಿಂತ ಹಳೆಯ ಜೀವಂತ ಬೇಲಿಗಳನ್ನು ಕೀಳುವ ಮುನ್ನ ಅನುಮತಿ ಕೇಳಬೇಕೆಂಬ ನಿಯಮವನ್ನೂ ತಂದಿತು. ಬೇಲಿಗೇ ಇಷ್ಟು ಮರ್ಯಾದೆಯಿರುವಾಗ ಪದವಿಗೆ ಏಕಿರಬಾರದು?

ನಮ್ಮಲ್ಲಿ ಇದಕ್ಕೆ ಸಾಧನಗಳಿಲ್ಲವೆಂದಲ್ಲ. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯ ಕಾಲದಲ್ಲಿ ಪ್ರತಿ ಪಂಚಾಯತು ತನ್ನ ಅಭಿವೃದ್ಧಿ ವರದಿಯನ್ನು ಬರೆದಿತ್ತು. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪಂಚಾಯತಿಗೊಂದು ನಿರ್ವಹಣಾ ಸಮಿತಿಯೂ ಜನತಾ ದಾಖಲೆಪುಸ್ತಕವೂ ಇರತಕ್ಕದ್ದು. ನಾಗಬನಗಳನ್ನೂ ಪದವಿನ ಪಳ್ಳಗಳನ್ನೂ ಆ ಪುಸ್ತಕದಲ್ಲಿ ಸ್ಥಳ, ವಿಸ್ತೀರ್ಣ ಸಹಿತ ಬರೆಯಿಸಿದರೆ, ನಾಳೆ ಕೋರೆಯ ಅರ್ಜಿ ಬಂದಾಗ ಪಂಚಾಯತಿನ ಆಕ್ಷೇಪಣೆಗೆ ಒಂದು ಲಿಖಿತ ಆಧಾರ ಸಿಗುತ್ತದೆ. ಬಾಯಿಮಾತಿನ ಆಕ್ಷೇಪಣೆಯು ಕಚೇರಿಯಲ್ಲಿ ನಿಲ್ಲುವುದಿಲ್ಲ.

ಇಲ್ಲಿ ಒಂದು ಕಠಿನವಾದ ಪ್ರಶ್ನೆಯನ್ನು ಮರೆಮಾಚಬಾರದು. ಎರಡು ಎಕರೆ ಪದವು ಬಿಟ್ಟರೆ ಬೇರೇನೂ ಇಲ್ಲದ ಒಬ್ಬ ಬಡ ಗೃಹಸ್ಥನು ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಕಲ್ಲನ್ನು ಮಾರಿದರೆ ಅವನನ್ನು ದೂಷಿಸುವುದು ಸುಲಭ; ಆದರೆ ಅವನ ಪದವಿನ ನೀರನ್ನು ಉಚಿತವಾಗಿ ಪಡೆಯುತ್ತಿರುವವರು ಕೆಳಗಿನ ತೋಟದ ಅನುಕೂಲಸ್ಥರು. ಗದ್ದೆಗೆ ಕೊಡುವ ಗೌರವಧನದ ಮಾದರಿಯಲ್ಲಿ ಪದವನ್ನು ಉಳಿಸಿಕೊಂಡವನಿಗೂ ಏನಾದರೂ ಸಲ್ಲಬೇಕೆಂದು ಗ್ರಾಮಸಭೆಗಳು ಸರಕಾರಕ್ಕೆ ಬರೆಯಬೇಕು. ಅದಾಗುವವರೆಗೆ ಬೈಲಿನ ಬಾಧ್ಯಸ್ಥರೇ ಕೂಡಿ ಏನಾದರೂ ಒಪ್ಪಂದ ಮಾಡಿಕೊಂಡರೆ ತಪ್ಪೇನು? ಕಟ್ಟಕ್ಕೆ ಕೈಕೂಡಿಸಿದವರಿಗೆ ಇದು ತೀರ ಹೊಸದಲ್ಲ.

ಸುಧಾರಣೆಯ ಕೆಲಸಗಳು ಕಡಿಮೆ ಖರ್ಚಿನವು. ಹಳೆಯ ಕೋರೆಗಳ ಸುತ್ತ ಮೊದಲು ಬೇಲಿ ಬೇಕು. ಮಕ್ಕಳ ಪ್ರಾಣದ ಪ್ರಶ್ನೆ ಇದು. ಅನಂತರ ಅವುಗಳ ಅಂಚನ್ನು ಮೆಟ್ಟಲುಗಳಾಗಿ ತಗ್ಗಿಸಿ ಮಣ್ಣು ತುಂಬಿ ಗಿಡ ನೆಡಬೇಕು. ಇಳಿಜಾರುಗಳಲ್ಲಿ ಇಂಗುಗುಂಡಿ, ಅಗಳು, ಬಿದಿರು ಯೋಗ್ಯ. ಹೂಳು ತುಂಬಿದ ಮದಕಗಳನ್ನು ಬೇಸಗೆಯಲ್ಲಿ ತೆಗೆಸಬಹುದು. ಆದರೆ ಪದವಿನ ಬೋಳುತಲೆಯನ್ನು ಕಂಡು ಅಲ್ಲಿ ಅಕೇಶಿಯ ನೆಟ್ಟು ಹಸುರು ಮಾಡುವ ಉತ್ಸಾಹಕ್ಕೆ ನನ್ನ ಸಮ್ಮತಿಯಿಲ್ಲ. ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ಬೆರಳುದ್ದದ ಗಿಡಗಳಲ್ಲಿ ನೀಲಿ, ಬಿಳಿ ಹೂಗಳು ಹಾಸಿದಂತೆ ಅರಳುವುದನ್ನು ನೋಡಿದವರು ಅದನ್ನು ಬೋಳೆನ್ನುವುದಿಲ್ಲ. ಕುಂಟಾಲ, ಕೇಪುಳ, ನೆಕ್ಕರೆಗಳು ಬಿರುಕುಗಳಲ್ಲಿ ತಾವಾಗಿ ಏಳುತ್ತವೆ. ಅವನ್ನು ಬೆಂಕಿಯಿಂದ ಕಾಯ್ದರೆ ಸಾಕು.

ನಕಾಶೆಗಾಗಿ ಊರನ್ನು ಎರಡು ಬಾರಿ ಸುತ್ತಬೇಕಾಗುತ್ತದೆ. ಜುಲೈಯಲ್ಲಿ ಸುತ್ತಿದರೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆಂಬುದು ಕಾಣುತ್ತದೆ. ಎಪ್ರಿಲಿನಲ್ಲಿ ಸುತ್ತಿದರೆ ಯಾವ ಸುರಂಗ, ಯಾವ ಬಾವಿ ಇನ್ನೂ ಉಳಿದಿದೆಯೆಂಬುದು ಕಾಣುತ್ತದೆ. ಮೇಲಿನ ತರಗತಿಗಳ ಮಕ್ಕಳು ಹಗ್ಗವೊಂದಕ್ಕೆ ಗುರುತು ಹಾಕಿಕೊಂಡು ಬಾವಿಯ ನೀರಿನ ಆಳವನ್ನು ಅಳೆದು ಬರೆದಿಡಬಲ್ಲರು. ಆದರೆ ಸುರಂಗದೊಳಕ್ಕೆ ಮಕ್ಕಳನ್ನು ಯಾವ ಕಾರಣಕ್ಕೂ ಕಳುಹಿಸಬಾರದು. ಗ್ರಾಮಸಭೆಯು ಮೂರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದೆಂದು ಪಂಚಾಯತ್ ರಾಜ್ ಕಾಯಿದೆಯೇ ಹೇಳುವುದರಿಂದ, ಜುಲೈಯ ನಕಾಶೆಯನ್ನು ಮಳೆ ಮುಗಿಯುವ ಹೊತ್ತಿನ ಸಭೆಯ ಮುಂದಿಡಬಹುದು. ಆಗ ಕಟ್ಟ ಹಾಕುವ ಕಾಲಕ್ಕೆ ಅದು ಕೈಯಲ್ಲಿರುತ್ತದೆ. ನಕಾಶೆಯಲ್ಲಿ ಪ್ರತಿಯೊಂದು ಪದವು, ಪಳ್ಳ, ಮಜಲು, ಕಟ್ಟಗಳ ಹೆಸರನ್ನು ಆ ಸ್ಥಳದ ಹಿರಿಯರನ್ನು ಕೇಳಿ ಅವರು ಹೇಳುವ ರೂಪದಲ್ಲಿಯೇ, ಮಲಯಾಳದ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿಯೂ ಬರೆಯಿಸಿ, ಅದರ ಒಂದು ಪ್ರತಿಯನ್ನು ಪಂಚಾಯತು ಕಚೇರಿಯಲ್ಲಿಯೂ ಇನ್ನೊಂದನ್ನು ಶಾಲೆಯ ಗೋಡೆಯ ಮೇಲೆಯೂ ಇರಿಸತಕ್ಕದ್ದು.